ಬಟ್ಟೆ ಮಾರ್ಕೆಟ್ಟಿನ ಪೈಪಕ್ಕ

“ಅತ್ತೆ, ಇವತ್ತೂ ಅದೇ ಕಥೆ. ಮೂರನೇ ಮಹಡಿ ಹತ್ತಿ ನೋಡ್ತೀನಿ, ಸ್ಪ್ರಿಂಕ್ಲರಿಗೆ ಒಂದು ಕೋಟು ನೇತಾಡ್ತಿದೆ. ಎರಡೂ ತೋಳು ಇಳಿಬಿಟ್ಕೊಂಡು, ಯಾರೋ ಗೃಹಸ್ಥರು ಬಸ್ಸಿಗೆ ಕಾಯ್ತಾ ನಿಂತ ಹಾಗೆ! ‘ಅಣ್ಣ, ಅದು ಕೊಕ್ಕೆ ಅಲ್ಲ, ಎಷ್ಟು ಸಲ ಹೇಳ್ಲಿ? ಮಧ್ಯದಲ್ಲಿ ಕೆಂಪಗೆ ಒಂದು ಪುಟ್ಟ ಗಾಜಿನ ಕಡ್ಡಿ ಕಾಣ್ತಿದೆ ನೋಡಿ, ಮೇಲಿನ ಪೈಪಿನ ಅಷ್ಟೂ ನೀರನ್ನ ತಡೆದು ನಿಲ್ಲಿಸಿರೋದು ಅದೊಂದೇ. ಕೆಳಗೆ ಬೆಂಕಿ ಹತ್ತಿದ್ರೆ ಬಿಸಿಗೆ ಒಡೆಯುತ್ತೆ, ನೀರು ಸುರಿಯುತ್ತೆ. ನೀವು ಹ್ಯಾಂಗರ್ ಸಿಕ್ಕಿಸಿ ಎಳೆದ್ರೂ ಒಡೆಯುತ್ತೆ. ಬೆಂಕಿ ಯಾವುದು, ನಿಮ್ಮ ಹ್ಯಾಂಗರ್ ಯಾವುದು ಅಂತ ಅದಕ್ಕೇನು ಗೊತ್ತು?’ ಅಂದೆ. ಅದಕ್ಕೆ ಕೋಟು ಟೈಲರ್ ಏನಂದ್ರು ಗೊತ್ತಾ? ‘ನಾನು ಮೆಲ್ಲಗೆ ತೂಗುಹಾಕ್ತೀನಿ ಪೈಪಕ್ಕ’ ಅಂದ್ರು. ಮೆಲ್ಲಗಂತೆ! ಅಷ್ಟರಲ್ಲಿ ಗುಂಡಿ ಅಂಗಡಿಯವರು ಕತ್ತು ಹೊರಗೆ ಹಾಕಿ, ‘ಒಂದು ಒಡೆದ್ರೆ ಎಲ್ಲಾನೂ ಒಡೆಯುತ್ತಾ, ಸಿನಿಮಾದಲ್ಲಿ ತೋರಿಸೋ ಹಾಗೆ?’ ಅಂತ ಕೇಳಿದ್ರು. ಇಲ್ಲ ಅಣ್ಣ, ಎಲ್ಲಿ ಬಿಸಿಯೋ ಅಲ್ಲಿ ಮಾತ್ರ ಅಂದೆ. ‘ಹಾಗಾದ್ರೆ ಟೈಲರಿಗೆ ಸ್ನಾನ, ನನಗಿಲ್ಲ. ಎದೆ ಹಗುರ ಆಯ್ತು’ ಅಂದ್ರು. ಇಂಥವರನ್ನ ಕಟ್ಕೊಂಡು ನಾನು ಹೇಗೆ ಏಗ್ಲಿ ಹೇಳಿ! ಆದ್ರೂ ಒಂದು ಮಾತು ಅತ್ತೆ, ಆ ಕೋಟು ಎಷ್ಟು ಚೆನ್ನಾಗಿತ್ತು ಅಂತೀರಿ!”

ಇದು ನನ್ನ ಸೊಸೆಯ ಮಾತು. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಹೀಗೇ ಶುರು ಮಾಡುತ್ತಾಳೆ. ಮಾರ್ಕೆಟ್ಟಿನವರ ದನಿಯನ್ನೆಲ್ಲ ಅವಳೇ ಮಾಡಿ ತೋರಿಸುತ್ತಾಳೆ. ಟೈಲರ್ ಮಾತಾಡುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಾರಂತೆ, ಅದಕ್ಕೆ ಇವಳೂ ತುಟಿ ಬಿಗಿಹಿಡಿದೇ ಅವರ ಮಾತು ಆಡುತ್ತಾಳೆ. ನಾನು ಶಾಲೆಯಲ್ಲಿ ಹೆಚ್ಚು ದಿನ ಕೂತವಳಲ್ಲ. ಆದರೆ ಕೇಳಿದ ಮಾತು ನನ್ನಲ್ಲಿ ನಿಲ್ಲುತ್ತದೆ. ಹಾಗೆ ನಿಂತದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮವಳು ಎತ್ತರದವಳಲ್ಲ. ನಡೆಯುವಾಗ ಗಂಡಸಿನ ಹಾಗೆ ಬೀಸುಗಾಲು ಹಾಕುತ್ತಾಳೆ. ಅಂಗೈ ಮುಟ್ಟಿದರೆ ಒರಟು, ಮರಳುಕಾಗದವೇ ಸರಿ. ಅವಳ ಅಪ್ಪ ಪೈಪ್ ಫಿಟ್ಟರ್ ಆಗಿದ್ದರು. ಅಮ್ಮ ಬೇಗ ತೀರಿಹೋದ್ದರಿಂದ ಅಪ್ಪ ಎಲ್ಲಿ ಕೆಲಸಕ್ಕೆ ಹೋದರೂ ಮಗಳು ಜೊತೆಗೇ. ಬೇರೆ ಮಕ್ಕಳು ಮರಳಿನಲ್ಲಿ ಮನೆ ಕಟ್ಟಿ ಆಡುವ ವಯಸ್ಸಿಗೆ ಇವಳು ಪೈಪಿನ ತುದಿಯ ತಿರುಪಿಗೆ ನಾರು ಸುತ್ತಿ, ಅಂಟು ಸವರಿ, ಬಿಗಿದು, ಒಂದು ತೊಟ್ಟು ನೀರು ಸೋರದ ಹಾಗೆ ಜೋಡಿಸುತ್ತಿದ್ದಳಂತೆ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ, ಮಡಚಿಟ್ಟ ಬಟ್ಟೆಗಳ ನಡುವೆ, ಒಂದು ಪೈಪ್ ರೆಂಚು ಇತ್ತು. ನನ್ನ ಮಗ ಅದನ್ನು ಎತ್ತಿ ನೋಡಿ ಗಾಬರಿಯಾದ.

“ಇದು ಯಾಕೆ?”

“ಅಪ್ಪನ ಆಶೀರ್ವಾದ ರೀ” ಎಂದಳು.

ಮಗ ಬಸ್ ಓಡಿಸುತ್ತಾನೆ. ಎಂಥ ಗಿಜಿಗುಡುವ ರಸ್ತೆಯಲ್ಲೂ ಬಸ್ಸು ನುಗ್ಗಿಸುವ ಧೈರ್ಯ ಉಂಟು, ಬಲ್ಬು ಬದಲಿಸಲು ಸ್ಟೂಲು ಹತ್ತು ಎಂದರೆ ಮಾತ್ರ ಚಪ್ಪಲಿ ಹುಡುಕುತ್ತಾನೆ. ಹೀಗಾಗಿ ನಮ್ಮ ಮನೆಯಲ್ಲಿ ಏಣಿ ಹತ್ತುವವಳು ಅವಳು, ಏಣಿ ಹಿಡಿಯುವವಳು ನಾನು, ದೂರ ನಿಂತು “ಹುಷಾರು, ಹುಷಾರು” ಎನ್ನುವವನು ಇವನು.

ಮೊದಲು ಅವಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಅಂಟಿಸುವ ಕೆಲಸ ಮಾಡಿದಳು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂತಳು. ಎರಡು ಕಡೆಯೂ ಅವಳ ಮುಖ ಸಪ್ಪಗೆ. ಹೀಗಿರುವಾಗ ಅವಳ ಅಪ್ಪನ ಗೆಳೆಯರೊಬ್ಬರು ಹೇಳಿಕಳಿಸಿದರು. ಪೇಟೆಯ ನಡುವಿನ ಬಟ್ಟೆ ಮಾರ್ಕೆಟ್ಟಿನಲ್ಲಿ ಬೆಂಕಿ ಆರಿಸುವ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಮುದುಕರು ಅವರು. ಎಲ್ಲರೂ ಪಂಪಿನಜ್ಜ ಎನ್ನುತ್ತಿದ್ದರು. ಮಂಡಿ ಸೋತು ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟು ಮಗಳ ಮನೆಗೆ ಹೊರಟಿದ್ದರು.

ಆ ಮಾರ್ಕೆಟ್ಟು ಒಂದೇ ದೊಡ್ಡ ಕಟ್ಟಡ. ಕೆಳಗೆ ಥಾನುಗಟ್ಟಲೆ ಬಟ್ಟೆ ಮಾರುವವರು. ಮೊದಲನೇ ಮಹಡಿಯಲ್ಲಿ ಪರದೆ, ಹೊದಿಕೆ, ಹಾಸಿಗೆಯ ಬಟ್ಟೆ. ಎರಡನೆಯದರಲ್ಲಿ ಸಿದ್ಧ ಉಡುಪು. ಮೂರನೆಯದರಲ್ಲಿ ಬರೀ ಟೈಲರುಗಳು, ಮೆಟ್ಟಿಲ ಬದಿಗೆ ಒಂದು ಗುಂಡಿ ಅಂಗಡಿ. ಎಲ್ಲಿ ಕೈಯಿಟ್ಟರೂ ಬಟ್ಟೆ. ಒಂದು ಕಿಡಿ ಬಿದ್ದರೆ ಕೇಳುವುದೇ ಬೇಡ. ಅದಕ್ಕಾಗಿಯೇ ಚಾವಣಿಯ ತುಂಬ ಕೆಂಪು ಪೈಪು, ಪೈಪಿನಿಂದ ಇಳಿದ ಸ್ಪ್ರಿಂಕ್ಲರುಗಳು, ಪ್ರತಿ ಮಹಡಿಯಲ್ಲಿ ಕ್ಯಾನ್ವಾಸ್ ಪೈಪಿನ ಸುರುಳಿ ಇಟ್ಟ ಕೆಂಪು ಪೆಟ್ಟಿಗೆ. ನೆಲಮಾಳಿಗೆಯಲ್ಲಿ ದೊಡ್ಡ ತೊಟ್ಟಿ, ಪಕ್ಕದಲ್ಲಿ ಪಂಪ್ ರೂಮು.

ಪಂಪು ಮೂರು. ಪೈಪಿನೊಳಗೆ ಒತ್ತಡ ಚೂರು ಇಳಿದರೂ ತಾನಾಗಿ ಎದ್ದು ಸರಿಮಾಡಿ ಮತ್ತೆ ಸುಮ್ಮನಾಗುವ ಸಣ್ಣದೊಂದು. ನಿಜವಾಗಿ ನೀರು ಬೇಕಾದಾಗ ಓಡುವ ದೊಡ್ಡದೊಂದು. ಕರೆಂಟು ಹೋದರೆ ಇರಲಿ ಎಂದು ಡೀಸೆಲ್ಲಿನದು ಮತ್ತೊಂದು. ಸೊಸೆ ಇವಕ್ಕೆ ಮೈದುನ, ಯಜಮಾನ, ಭಾವ ಎಂದು ಹೆಸರಿಟ್ಟಿದ್ದಾಳೆ. “ಮೈದುನ ಸುಮ್ನೆ ಕೂರೋ ಜಾತಿ ಅಲ್ಲ ಅತ್ತೆ, ಎದ್ದು ಕೂತು ಎದ್ದು ಕೂತು ಮಾಡ್ತಾನೆ. ಯಜಮಾನ ಗಂಭೀರ. ಈ ಭಾವ ಇದಾನಲ್ಲ, ಕರೆದ್ರೆ ಮಾತ್ರ ಬರ್ತಾನೆ, ಬಂದ್ಮೇಲೆ ಊರಿಗೆಲ್ಲ ಕೇಳೋ ಹಾಗೆ ಗದ್ದಲ, ಮೇಲಿಂದ ಹೊಗೆ ಬೇರೆ!”

ಅವತ್ತು ಮನೆಗೆ ಬಂದಿದ್ದ ನಮ್ಮ ಹಿರಿಯಳಿಯ, ಅವಳಿಗೆ ಭಾವನೇ ಆಗಬೇಕು, ಇದನ್ನು ಕೇಳಿಸಿಕೊಂಡು, “ಇದು ಯಾಕೋ ನನ್ನ ಬುಡಕ್ಕೇ ಬಂತು” ಎಂದು ಸಿಗರೇಟು ಆರಿಸಿದ.

ಅಜ್ಜ ಹೋಗುವ ಮುಂಚೆ ಅವಳನ್ನು ಪಂಪಿನ ಪಕ್ಕ ಕೂರಿಸಿಕೊಂಡು ಪಾಠ ಹೇಳಿದರು. ಓಡುವಾಗ ಎಲ್ಲಿ ಕೈಯಿಟ್ಟು ಬಿಸಿ ನೋಡಬೇಕು, ಮೀಟರಿನ ಮುಳ್ಳು ನಡುಗಿದರೆ ಏನರ್ಥ, ಯಾವ ವಾಲ್ವನ್ನು ಯಾರು ಬೇಡಿಕೊಂಡರೂ ಮುಚ್ಚಬಾರದು, ಎಲ್ಲ. “ಗೊಣಗೋ ಪಂಪಿಗೆ ಹೆದರಬೇಡ ಮಗಳೇ. ಯಾವತ್ತೂ ಗೊಣಗೋದು ಒಂದಿನ ಸುಮ್ಮನಾದ್ರೆ, ಅವತ್ತು ಬಿಚ್ಚಿ ನೋಡು” ಎಂದರಂತೆ. “ಅಮ್ಮ, ಇದು ನಿನ್ನನ್ನ ನೋಡಿಯೇ ಹೇಳಿದ ಹಾಗಿದೆ” ಎಂದು ಮಗ ನಕ್ಕ. ನಾನೂ ನಕ್ಕೆ.

ಆದರೆ ಕೆಲಸ ಪೂರ್ತಿ ಅವಳದಾಗಿರಲಿಲ್ಲ. ಮಾರ್ಕೆಟ್ಟಿನ ಸಂಘಕ್ಕೆ ಪರದೆ ಅಂಗಡಿಯವರು ಅಧ್ಯಕ್ಷರು. ಹಳದಿ ಕನ್ನಡಕದ ಮೇಲಿಂದ ಅವಳನ್ನು ನೋಡಿ ಅಂದಿದ್ದರು:

“ನೋಡಮ್ಮ, ವರ್ಷದ ತಪಾಸಣೆ ಬರೋವರೆಗೂ ಇರು. ಅಗ್ನಿಶಾಮಕದ ಅಧಿಕಾರಿ ಬಂದು ಎಲ್ಲಾ ಸರಿ ಇದೆ ಅಂದ್ರೆ ನಿನ್ನ ಕೆಲಸ ಖಾಯಂ. ಒಂದೇ ಒಂದು ಕೊಂಕು ತೆಗೆದ್ರೂ ಸರಿ, ಪಂಪಿನ ಬೀಗದ ಕೈ ಗೇಟಿನ ಕಾವಲುಗಾರನಿಗೆ. ಹೇಗೂ ಅವನು ಕೂತೇ ಇರ್ತಾನೆ.”

ಹೊರಗೆ ಬರುತ್ತಿದ್ದಂತೆ ಕಾವಲುಗಾರ ಅವಳನ್ನು ಅಡ್ಡಗಟ್ಟಿ, “ಅಕ್ಕ, ಹೇಗಾದ್ರೂ ಮಾಡಿ ಪಾಸಾಗ್ಬಿಡಿ. ಆ ಡೀಸೆಲ್ ಪಂಪು ಶುರುವಾದ್ರೆ ನಾನು ಗೇಟು ಬಿಟ್ಟು ರಸ್ತೆ ಆಚೆ ಓಡ್ತೀನಿ” ಎಂದನಂತೆ.

ಅವಳಿಗೆ ಆ ಕೆಲಸ ಬೇಕಿತ್ತು. ಸೊಸೆಯಾಗಿ ಬಂದಾಗಿನಿಂದ ನನಗೆ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಒಂದು ದಿನ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಅಂದಳು, “ಅತ್ತೆ, ಬೇರೆ ಕಡೆ ಸಂಜೆ ಯಾವಾಗ ಆಗುತ್ತೋ ಅಂತ ಗೋಡೆ ಗಡಿಯಾರ ನೋಡ್ತಾ ಕೂತಿರ್ತಿದ್ದೆ. ಇಲ್ಲಿ ಸಂಜೆ ಆದದ್ದೇ ಗೊತ್ತಾಗಲ್ಲ. ಈ ಕೆಲಸ ಕೈಬಿಟ್ರೆ ಮತ್ತೆ ಆ ಕಿಟಕಿ ಹಿಂದೆ ಹೋಗಿ ಕೂರಬೇಕಲ್ಲ ಅಂತ ಒಂದೊಂದ್ಸಲ ನಿದ್ದೇನೇ ಬರಲ್ಲ.” ಅವಳ ನೆತ್ತಿಗೆ ಇನ್ನೊಂದು ಹನಿ ಎಣ್ಣೆ ಇಟ್ಟು ತಟ್ಟಿದೆ.

ಕೆಲಸ ಹಿಡಿದ ಮೇಲೆ ಅವಳ ಕಣ್ಣು ಮೇಲೇ ಹೋಯಿತು. ಎಲ್ಲಿಗೆ ಹೋದರೂ ಚಾವಣಿ ನೋಡುವುದು. ಸಿನಿಮಾಕ್ಕೆ ಹೋದರೆ ಎಲ್ಲರೂ ಪರದೆ ನೋಡಿದರೆ ಇವಳು ಹೊರಗೆ ಹೋಗುವ ಬಾಗಿಲು ಎಲ್ಲಿದೆ, ಅದರ ಮುಂದೆ ಕುರ್ಚಿ ಯಾರು ಇಟ್ಟರು ಎಂದು ಹುಡುಕುತ್ತಾಳೆ. ಹಲ್ಲಿನ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋದಾಗ ಬೆಂಕಿ ಆರಿಸುವ ಸಿಲಿಂಡರು ಬೀರುವಿನ ಹಿಂದೆ ಅವಿತಿದ್ದು ಕಂಡಿತು. ನಾನು ಬಾಯಿ ತೆರೆದು ಕೂತಿದ್ದರೆ ಇವಳು ಬೀರು ತಳ್ಳುತ್ತಿದ್ದಾಳೆ. ಡಾಕ್ಟರಿಗೂ ಕೈ ಹಾಕದೆ ವಿಧಿಯಿಲ್ಲ. ನನ್ನ ಹಲ್ಲು ಅಷ್ಟು ಹೊತ್ತು ಕಾಯಿತು.

ಮಾರ್ಕೆಟ್ಟಿನಲ್ಲಿ ಅವಳಿಗೆ ದಿನಬೆಳಗಾದರೆ ಜಗಳ ಒಂದೇ. ಸ್ಪ್ರಿಂಕ್ಲರಿಗೆ ಬಟ್ಟೆ ನೇತುಹಾಕುವವರ ಜೊತೆ. ಬಟ್ಟೆಯವರ ಕಣ್ಣಿಗೆ ಚಾವಣಿಯಿಂದ ಇಳಿದದ್ದೆಲ್ಲ ಕೊಕ್ಕೆಯೇ. ಎಚ್ಚರಿಕೆಯ ಚೀಟಿ ಅಂಟಿಸಿದಳು. ಚೀಟಿಯ ಕೆಳಗೇ ಹ್ಯಾಂಗರ್ ಬಂತು. ಕಿರುಚಿದಳು. “ಪೈಪಕ್ಕನಿಗೆ ಇವತ್ತು ಒತ್ತಡ ಜಾಸ್ತಿ, ಯಾರಾದ್ರೂ ವಾಲ್ವ್ ತಿರುಗಿಸ್ರೋ” ಎಂದರು. ಎಲ್ಲರಿಗಿಂತ ಮೊಂಡ ಕೋಟು ಟೈಲರ್. ಕೊನೆಗೆ ಒಂದು ಮಧ್ಯಾಹ್ನ ಅವಳು ಅವರ ಅಂಗಡಿಯ ಹೊಸ್ತಿಲಲ್ಲಿ ಕೂತು ಸಮಾಧಾನದಿಂದ ಕೇಳಿದಳು:

“ಅಣ್ಣ, ನಿಜ ಹೇಳಿ. ಗೋಡೆ ತುಂಬ ಮೊಳೆ ಇದೆ. ಅಲ್ಲೇ ಯಾಕೆ?”

ಟೈಲರ್ ಬಾಯಿಂದ ಗುಂಡುಸೂಜಿ ತೆಗೆದರು. ಅದು ದೊಡ್ಡ ವಿಷಯ. ಅವರು ಗಿರಾಕಿಗೂ ಸೂಜಿ ತೆಗೆದು ಮಾತಾಡುವವರಲ್ಲ.

“ಬಾ ಇಲ್ಲಿ, ನೋಡು. ಮೇಜಿನ ಮೇಲೆ ಮಲಗಿದ ಕೋಟು ಸುಳ್ಳು ಹೇಳುತ್ತೆ. ಗೋಡೆಗೆ ಒರಗಿದ ಕೋಟೂ ಅಷ್ಟೆ, ಅರ್ಧ ಬಚ್ಚಿಡುತ್ತೆ. ನಾಲ್ಕೂ ಕಡೆ ಗಾಳಿ ಇರೋ ಜಾಗದಲ್ಲಿ, ಬೆಳಕಿನ ಕೆಳಗೆ ನೇತುಹಾಕಿ ಸುತ್ತು ಬರ್ಬೇಕು. ಆಗ ಭುಜ ಇಳಿದಿದ್ಯಾ, ಬೆನ್ನು ಸುಕ್ಕಾ, ಎಲ್ಲಾ ಒಪ್ಕೊಳ್ಳುತ್ತೆ. ಈ ಗೂಡಿನಷ್ಟು ಅಂಗಡೀಲಿ ಬೆಳಕು ಬೀಳೋದು ಆ ಒಂದೇ ಜಾಗಕ್ಕೆ. ಅಲ್ಲೇ ನಿನ್ನ ನಲ್ಲಿ ಬಂದು ಕೂತಿದೆ. ಹಾಗೆ ನೋಡದೆ ಇದುವರೆಗೂ ಒಂದು ಕೋಟನ್ನೂ ಕೊಟ್ಟವನಲ್ಲ ನಾನು. ಈಗ ನೀನೇ ಹೇಳು, ಏನು ಮಾಡ್ಲಿ?”

ಅವತ್ತು ರಾತ್ರಿ ಊಟಕ್ಕೆ ಕೂತವಳು ತಟ್ಟೆಯಲ್ಲಿ ಬೆರಳಿನಿಂದ ಅದೇನೋ ಗೆರೆ ಎಳೆಯುತ್ತಿದ್ದಳು. ಮರುದಿನ ನೆಲಮಾಳಿಗೆಯಲ್ಲಿ ಹಳೆಯ ಲೈನು ಬದಲಿಸಿದಾಗ ಉಳಿದಿದ್ದ ಪೈಪಿನ ತುಂಡುಗಳನ್ನು ಎಳೆದಳು. ಕೆಳಗೆ ಅಗಲವಾದ ಪಾದ, ನಡುವೆ ಆಳೆತ್ತರದ ಕಂಬ, ಮೇಲೆ ಅಡ್ಡಕ್ಕೆ ಒಂದು ತೋಳು. ಎಲ್ಲ ತಿರುಪಿನಿಂದ ಬಿಗಿದದ್ದು. ತುಕ್ಕು ಉಜ್ಜಿ, ಪಂಪ್ ರೂಮಿನಲ್ಲಿ ಅರ್ಧ ಉಳಿದಿದ್ದ ಡಬ್ಬಿಯ ಬಣ್ಣ ಬಳಿದು, ಒಣಗಿಸಿ, ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ಒಯ್ದಳು. ಸ್ಪ್ರಿಂಕ್ಲರಿಗಿಂತ ಎಷ್ಟೋ ಕೆಳಗೆ, ಅದೇ ಬೆಳಕಿನಲ್ಲಿ ಇಟ್ಟಳು. ಟೈಲರ್ ಕೋಟು ಹಾಕಿದರು. ಒಂದು ಸುತ್ತು ಬಂದರು. ಒಂದು ಕಣ್ಣು ಮುಚ್ಚಿ ಇನ್ನೊಂದು ಸುತ್ತು ಬಂದರು.

“ನಿನ್ನ ನಲ್ಲಿಗೆ ಇವತ್ತಿಂದ ವಿಚ್ಛೇದನ” ಎಂದರು.

ಅಷ್ಟು ಸಾಕಾಯಿತು. ಪಕ್ಕದ ಟೈಲರಿಗೂ ಬೇಕು. ಫ್ರಾಕಿನ ಅಂಗಡಿಯ ಚಿಕ್ಕಮ್ಮ, “ಗಂಡಸರಿಗೆಲ್ಲ ಮಾಡ್ಕೊಟ್ಟೆ, ನಾನೇನು ಪಾಪ ಮಾಡಿದೆ?” ಎಂದು ಪಂಪ್ ರೂಮಿಗೇ ಇಳಿದು ಬಂದರು. ಅವರಿಗೆ ಮಕ್ಕಳ ಎತ್ತರದ್ದು. ಹೊದಿಕೆಯವರಿಗೆ ಅಗಲ ತೋಳಿನದು. ಹಳೇ ಪೈಪು ಮುಗಿಯುವ ಹೊತ್ತಿಗೆ ಮಹಡಿ ಮಹಡಿಗೂ ಅವಳ ಸ್ಟ್ಯಾಂಡು. ಚಾವಣಿಯಲ್ಲಿ ಒಂದೇ ಒಂದು ಹ್ಯಾಂಗರ್ ಇಲ್ಲ. ತಪಾಸಣೆಯ ದಿನ ಹತ್ತಿರ ಬಂದಾಗ ನಮ್ಮವಳು ಹಾಡು ಗುನುಗುತ್ತಾ ಓಡಾಡುತ್ತಿದ್ದಳು.

ಆ ದಿನ ಅವಸರದಲ್ಲಿ ಊಟದ ಡಬ್ಬಿ ಬಿಟ್ಟುಹೋದಳು. ಅದನ್ನು ಹಿಡಿದು ನಾನು ಮಾರ್ಕೆಟ್ಟಿಗೆ ಹೋದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದದ್ದು ನೋಡಿ ಗುಂಡಿ ಅಂಗಡಿಯವರು ಸ್ಟೂಲು ಕೊಟ್ಟರು. “ಪೈಪಕ್ಕನ ಅತ್ತೆಯಾ? ಕೂತ್ಕೊಳ್ಳಿ ಅಮ್ಮ. ನಿಮ್ಮ ಬಗ್ಗೆ ಎಲ್ಲಾ ಗೊತ್ತು ನಮಗೆ” ಎಂದರು. ಏನು ಗೊತ್ತು ಎಂದು ನಾನು ಕೇಳಲಿಲ್ಲ.

ಅಧಿಕಾರಿ ತೆಳ್ಳಗಿನ, ಮೆದು ಮಾತಿನ ಮನುಷ್ಯ. ನೆಗಡಿಯಾಗಿತ್ತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕರವಸ್ತ್ರ. ಮೂರನೇ ಮಹಡಿಯ ಕೊನೆಯಲ್ಲಿ ಪರೀಕ್ಷೆಗೆಂದೇ ಇಟ್ಟ ವಾಲ್ವನ್ನು ತಾವೇ ತಿರುಗಿಸಿದರು. ನೀರು ಮೋರಿಗೆ ಬಿತ್ತು. ಎಲ್ಲರೂ ಸದ್ದಿಗೆ ಕಿವಿಗೊಟ್ಟರು. ಪೈಪಿನಲ್ಲಿ ನೀರು ಹರಿದರೆ ತಾನೇ ಬಡಿದುಕೊಳ್ಳುವ ಹೊರಗೋಡೆಯ ಗಂಟೆ ಗಣಗಣ ಎಂದಿತು. ಆಮೇಲೆ ಕೆಳಗಿನಿಂದ ಸಣ್ಣ ಗುಂಯ್, ಅದರ ಹಿಂದೆ ದೊಡ್ಡ ಗುಂಯ್. ಸೊಸೆಯ ತುಟಿ ಮೈದುನ, ಯಜಮಾನ ಎಂದದ್ದು ನನಗೆ ಕಂಡಿತು. ತಾರಸಿಯಲ್ಲಿ ಕ್ಯಾನ್ವಾಸ್ ಪೈಪಿನಿಂದ ನೀರು ಚಿಮ್ಮಿಸಿದಾಗ ಪಾರಿವಾಳಗಳೆಲ್ಲ ಬೈಯುತ್ತಾ ಎದ್ದುಹೋದವಂತೆ. ಅಂಗಡಿ ಅಂಗಡಿಗೂ ಹೋಗಿ ಅಧಿಕಾರಿ ಚಾವಣಿ ನೋಡಿದರು. “ಬಟ್ಟೆ ಮಾರ್ಕೆಟ್ಟಲ್ಲಿ ಇಷ್ಟು ಶುಭ್ರವಾದ ಚಾವಣಿ ನಾನು ನೋಡಿಲ್ಲ” ಎಂದರು. ಅಧ್ಯಕ್ಷರು ತಾವೇ ಏಣಿ ಹತ್ತಿ ಒರೆಸಿದ ಹಾಗೆ ಎದೆ ಉಬ್ಬಿಸಿದರು.

ಕೊನೆಗೆ ಕೋಟು ಟೈಲರ ಅಂಗಡಿ. ಅಧಿಕಾರಿ ಸ್ಟ್ಯಾಂಡಿನ ಮುಂದೆ ನಿಂತರು.

“ಇದು ಯಾವ ಲೈನು?”

“ಲೈನಲ್ಲ ಸಾರ್, ಸ್ಟ್ಯಾಂಡು” ಎಂದಳು ಸೊಸೆ.

“ಕೆಂಪು ಪೈಪು.”

“ಹೌದು ಸಾರ್.”

“ಕೆಂಪು ಪೈಪಿಗೆ ಕೋಟು ಹಾಕಿದ್ದೀರಿ.”

ಅವರು ಬಗ್ಗಿ, ಪೈಪು ನೆಲದೊಳಗೆ ಹೋಗುತ್ತದೋ ಎಂದು ಟಾರ್ಚು ಬಿಟ್ಟು ನೋಡಿದರು. ಸೀನಿದರು. ಎದ್ದು ನಿಂತು ನಡುದಾರಿಯ ಉದ್ದಕ್ಕೆ ಕಣ್ಣು ಹಾಯಿಸಿದರು. ಅಂಗಡಿ ಅಂಗಡಿಯಲ್ಲೂ ಕೆಂಪು ಪೈಪು, ಪೈಪಿಗೆ ಬಟ್ಟೆ.

“ನೋಡಮ್ಮ” ಎಂದರು, ಬೈಯುವ ದನಿಯಲ್ಲಲ್ಲ. “ಹೊಗೆ ತುಂಬಿದಾಗ ನಮ್ಮವರು ಒಳಗೆ ಬರ್ತಾರೆ. ಕಣ್ಣು ಕಾಣಲ್ಲ. ಟಾರ್ಚಿಗೆ ಒಂದು ಕೆಂಪು ಪೈಪು ಸಿಕ್ಕಿದ್ರೆ, ಇದರ ತುದೀಲಿ ವಾಲ್ವ್ ಇದೆ, ನೀರಿದೆ ಅಂತ ನಂಬಿ ಹಿಡ್ಕೊಂಡು ಹೋಗ್ತಾರೆ. ಇಲ್ಲಿ ಹಿಡ್ಕೊಂಡು ಹೋದವನಿಗೆ ತುದೀಲಿ ಸಿಗೋದು ಒಂದು ಫ್ರಾಕು.”

ನಮ್ಮವಳು ಹಣೆ ಚಚ್ಚಿಕೊಂಡಳು. “ಅಯ್ಯೋ ಸಾರ್! ಕೆಂಪು ಅಂದ್ರೆ ಬೆಂಕಿ ಆರಿಸೋ ನೀರು ಅಂತ ನಮ್ಮಪ್ಪ ಹೇಳ್ಕೊಟ್ಟ ಮೊದಲ ಮಾತೇ ಅದು. ಡಬ್ಬೀಲಿ ಬಣ್ಣ ಉಳಿದಿತ್ತು, ಬಳಿದುಬಿಟ್ಟೆ. ಇದರಲ್ಲಿ ಯಾರ ತಪ್ಪೂ ಇಲ್ಲ, ನನ್ನದೇ.”

ಅಧ್ಯಕ್ಷರ ಕನ್ನಡಕ ಮೂಗಿನ ತುದಿಗೆ ಜಾರಿತು. “ಕೊಂಕು” ಎಂದರು. ಅಷ್ಟೇ ಅಂದರು.

ಅಧಿಕಾರಿ ಮೂಗೊರೆಸಿಕೊಂಡರು. “ಪಕ್ಕದ ಬೀದಿಯ ಸಿನಿಮಾ ಮಂದಿರ ನೋಡೋದಿದೆ. ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ. ಆಗ ಏನು ಕಾಣುತ್ತೋ ಅದನ್ನ ಬರೀತೀನಿ” ಎಂದು ಹೊರಟರು.

ಅವರು ಇಳಿದದ್ದೇ ತಡ, ಮೂರನೇ ಮಹಡಿಯಲ್ಲಿ ಗದ್ದಲವೋ ಗದ್ದಲ.

“ಎಲ್ಲಾ ನೆಲಮಾಳಿಗೆಗೆ ಹಾಕಿ” ಎಂದರು ಅಧ್ಯಕ್ಷರು. ಸೊಸೆಯೂ ರೆಂಚು ತೆಗೆದಳು. “ಹೌದು, ಬಿಚ್ಚಿ ಒಯ್ಯೋದೇ ಸರಿ.”

ಟೈಲರ್ ಸ್ಟ್ಯಾಂಡನ್ನು ತಬ್ಬಿಕೊಂಡರು. “ಕೊಡಲ್ಲ. ಒಯ್ದ್ರೆ ನಾಳೆಯಿಂದ ಮತ್ತೆ ನಲ್ಲಿಗೇ ನೇತುಹಾಕ್ತೀನಿ. ಅಧಿಕಾರಿಗೂ ಹೇಳ್ತೀನಿ.”

“ಬೇರೆ ಬಣ್ಣ ಬಳಿದ್ರೆ?” ಎಂದರು ಗುಂಡಿಯವರು.

ಸಿದ್ಧ ಉಡುಪಿನವರು ಅಳುವುದೊಂದು ಬಾಕಿ. “ಹಸಿ ಬಣ್ಣ! ನನ್ನ ಬಿಳಿ ಶರ್ಟುಗಳ ಪಕ್ಕ! ಸಂಜೆಗೆ ಒಣಗುತ್ತಾ ಅದು?”

“ಒಣಗಲ್ಲ” ಎಂದಳು ಸೊಸೆ. ಅವಳ ದನಿ ಸಣ್ಣಗಾಗಿತ್ತು. ಅವಳು ಆ ಆಸ್ಪತ್ರೆಯ ಕಿಟಕಿಯನ್ನು ನೆನೆಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಡಬ್ಬಿ ಬಿಚ್ಚಿ “ಎರಡು ತುತ್ತು ತಿನ್ನು” ಎಂದೆ. ತಲೆಯಾಡಿಸಿದಳು, ಬೇಡವೆಂದು.

ಟೈಲರ್ ಮಾತ್ರ ಪೈಪನ್ನು ಬಿಟ್ಟಿರಲಿಲ್ಲ. ಕೊರಳ ಟೇಪು ತೆಗೆದು ಅದರ ಸುತ್ತ ಹಿಡಿದರು. ಮೇಲಿಂದ ಕೆಳಗೆ ಹಿಡಿದರು.

“ಎದೆ, ಸೊಂಟ ಎಲ್ಲಾ ಒಂದೇ ಅಳತೆ” ಎಂದರು. “ಹೊಲಿಯೋಕೆ ಇಷ್ಟು ಸುಲಭದ ಗಿರಾಕಿ ನನಗೆ ಸಿಕ್ಕೇ ಇರ್ಲಿಲ್ಲ. ಅಂಗಿ ತೋಳಿನ ಹಾಗೆ ಬಟ್ಟೆ ಹೊಲಿದು ತೊಡಿಸಿದ್ರೆ ಕೆಂಪು ಎಲ್ಲಿಂದ ಕಾಣುತ್ತೆ?”

ಎಲ್ಲರೂ ಒಟ್ಟಿಗೆ ಮಾತಾಡಿದರು.

ನನ್ನ ಜೀವಮಾನದಲ್ಲಿ ಅಂಥ ಮಧ್ಯಾಹ್ನ ನೋಡಿರಲಿಲ್ಲ. ಆ ಮಹಡಿಯ ಹೊಲಿಗೆ ಯಂತ್ರಗಳೆಲ್ಲ ಒಂದೇ ಸಲ ಓಡಿದವು. ನೆಲ ನಡುಗುತ್ತಿತ್ತು. ಹೊದಿಕೆಯವರು ಪಟ್ಟೆಪಟ್ಟೆಯ ತುಂಡು ತಂದುಕೊಟ್ಟರು. ಸಿದ್ಧ ಉಡುಪಿನವರು ಮಾರಾಟವಾಗದ ಪ್ಯಾಂಟುಗಳ ಕಾಲು ಕತ್ತರಿಸಿಕೊಟ್ಟರು. ಫ್ರಾಕಿನ ಚಿಕ್ಕಮ್ಮ ತಮ್ಮದಕ್ಕೆ ಮೂರು ಸಾಲು ನೆರಿಗೆ ಇಟ್ಟರು. “ಪೈಪಿಗೆ ನೆರಿಗೆ ಯಾಕ್ರೀ?” ಎಂದರೆ, “ನನ್ನ ಅಂಗಡಿ ಪೈಪು ನನ್ನ ಅಂಗಡಿ ಹಾಗೇ ಇರ್ಬೇಕು” ಎಂದರು. ಗುಂಡಿಯವರು, ಬೇಕಿಲ್ಲದಿದ್ದರೂ, ಒಂದೊಂದು ತೋಳಿಗೂ ಒಂದು ಸಾಲು ಗುಂಡಿ ಇಡಿಸಿದರು. “ಗುಂಡಿ ಇಲ್ಲದ ಅಂಗಿ ನನ್ನ ಕಣ್ಣೆದುರು ಹೋಗೋ ಹಾಗಿಲ್ಲ.” ನನ್ನ ಕೈಗೂ ಸೂಜಿ ಕೊಟ್ಟರು. ದಾರ ಪೋಣಿಸಲು ಕಣ್ಣು ಸಾಲದು, ಅವರೇ ಪೋಣಿಸಿಕೊಟ್ಟರು.

ಸೊಸೆಯ ಮುಖಕ್ಕೆ ಬಣ್ಣ ಮರಳಿತು. ರೆಂಚು ಹಿಡಿದು ಅಂಗಡಿಯಿಂದ ಅಂಗಡಿಗೆ ಓಡಿದಳು. ಮೇಲಿನ ಅಡ್ಡತೋಳು ತಿರುಗಿಸಿ ಬಿಚ್ಚುವುದು, ಹೊಲಿದದ್ದನ್ನು ಕಾಲುಚೀಲದ ಹಾಗೆ ಏರಿಸುವುದು, ಮತ್ತೆ ಬಿಗಿಯುವುದು. ಬಟ್ಟೆ ಸಾಲದೆ ಬಂದಾಗ ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಅವರು ಗೊಣಗುತ್ತಾ ಕೆಳಗಿಳಿದು ಒಂದು ಮಡಿಕೆ ಪರದೆ ಬಟ್ಟೆ ತಂದರು. “ಇದು ಒಳ್ಳೇ ಮಾಲು. ಪಾದಕ್ಕೆ ಹಾಕಬೇಡಿ, ಎದುರಿಗೆ ಕಾಣೋ ಹಾಗೆ ಹಾಕಿ” ಎಂದರು.

ಸಂಜೆ ಅಧಿಕಾರಿ ಬಂದಾಗ ಸ್ಟ್ಯಾಂಡುಗಳೆಲ್ಲ ಉಡುಪು ತೊಟ್ಟು ನಿಂತಿದ್ದವು. ಪಟ್ಟೆಯದು, ಚೌಕಳಿಯದು, ಹೂವಿನದು. ಅವರು ನೆರಿಗೆಯ ಸ್ಟ್ಯಾಂಡಿನ ಮುಂದೆ ನಿಂತರು. ಸೀನು ಬರುತ್ತಿದೆಯೇನೋ ಎಂದುಕೊಂಡೆ. ನಗು ಬಂದಿತ್ತು.

“ಬೆಂಕಿಗೆ ಇನ್ನೊಂದಿಷ್ಟು ಊಟ ಬಡಿಸಿದ್ದೀರಲ್ಲ?”

“ಸಾರ್, ಈ ಕಟ್ಟಡದ ತುಂಬ ಇರೋದೇ ಬಟ್ಟೆ” ಎಂದರು ಟೈಲರ್. “ಇದನ್ನ ತಿಂದೇ ಅದರ ಹೊಟ್ಟೆ ತುಂಬ್ಬೇಕಾ?”

ಅಧಿಕಾರಿ ಒಂದು ಅಂಗಡಿಯನ್ನೂ ಬಿಡದೆ ಹೊರಗಿನಿಂದ ಟಾರ್ಚು ಬಿಟ್ಟು ನೋಡಿದರು. ಗೋಡೆಯ ಮೇಲಿನ ನಿಜವಾದ ಲೈನಿನ ಹೊರತು ಎಲ್ಲೂ ಕೆಂಪು ಕಾಣಲಿಲ್ಲ. “ಈ ಉಪಾಯ ಯಾರದು?” ಎಂದರು.

“ನನ್ನದಲ್ಲ ಸಾರ್. ನಾನು ಬಿಚ್ಚಿ ಒಯ್ಯೋದು ಅಂತಿದ್ದೆ” ಎಂದಳು ಸೊಸೆ.

“ಬಿಡುವಾದಾಗ ಒಂದೊಂದೇ ಇಳಿಸಿ ನೀಲಿ ಬಣ್ಣ ಹೊಡೀಬೇಕು. ಮುಂದಿನ ಸಲ ಬಂದಾಗ ಬಟ್ಟೆ ತೋಳು ಎತ್ತಿ ನೋಡ್ತೀನಿ.”

“ಹೊಡೀತೀನಿ ಸಾರ್.”

“ಸರಿ, ಉಳಿದದ್ದೆಲ್ಲ ಚೆನ್ನಾಗಿದೆ. ಪಾಸು” ಎಂದು ಅಧ್ಯಕ್ಷರ ಕೈ ಕುಲುಕಿ ಹೊರಟರು.

ಎಲ್ಲರೂ ಅಧ್ಯಕ್ಷರನ್ನೇ ನೋಡಿದರು. ಅವರು ಕನ್ನಡಕ ಒರೆಸಿದರು. “ಪಾಸಾಗಿದೆ, ನಿಜ. ಆದ್ರೆ ಮಾತು ಅಂದ್ರೆ ಮಾತು. ಒಂದು ಕೊಂಕು ತೆಗೆದ್ರೂ ಅಂತ ನಾನು...”

ಅಷ್ಟರಲ್ಲಿ ಕಾವಲುಗಾರ ಜನರ ನಡುವಿನಿಂದ ನುಗ್ಗಿ ಬಂದ. “ಯಜಮಾನರೇ, ನಿಮ್ಮ ಕೈ ಮುಗೀತೀನಿ. ಗೇಟು ಎರಡು ಕೊಡಿ, ಮೂರು ಕೊಡಿ, ಕಾಯ್ತೀನಿ. ಆ ಪಂಪಿನ ಬೀಗದ ಕೈ ಕೊಟ್ರೆ ಇವತ್ತೇ ನಾನು ಊರು ಬಿಟ್ಟೆ!”

ಟೈಲರ್ ಬಾಯಿಂದ ಎಲ್ಲ ಗುಂಡುಸೂಜಿಗಳನ್ನೂ ಅಂಗೈಗೆ ಉಗುಳಿಕೊಂಡು ಅಂದರು, “ಅವಳು ಮಾಡಿದ ತಪ್ಪು ಅರ್ಧ ದಿನದ ಹೊಲಿಗೆಗೆ ಮುಗೀತು ಅಧ್ಯಕ್ಷರೇ. ನಾವು ನಲ್ಲಿಗೆ ನೇತುಹಾಕ್ತಿದ್ದದ್ದು ಎಷ್ಟು ವರ್ಷದ ತಪ್ಪು? ಅದನ್ನ ಬಿಡಿಸಿದ್ದು ಯಾರು?”

“ನನಗೇನು ಅವಳ ಮೇಲೆ ದ್ವೇಷವಾ?” ಎಂದು ಅಧ್ಯಕ್ಷರು ರೇಗಿದರು. “ಆಯ್ತಮ್ಮ, ನಾಳೆಯಿಂದ ಖಾಯಂ. ಹೋಗು, ಊಟ ಮಾಡು ಮೊದಲು. ನಿಮ್ಮತ್ತೆ ಬೆಳಗಿಂದ ಡಬ್ಬಿ ಹಿಡ್ಕೊಂಡು ಕೂತಿದಾರೆ.”

ಗುಂಡಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳು ಆರಿದ ಊಟವನ್ನು ಒಂದು ಅಗುಳೂ ಬಿ‌ಡದೆ ತಿಂದಳು. ನಡುನಡುವೆ ಮೂಗು ಎಳೆದುಕೊಳ್ಳುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಈಗ ಸ್ಟ್ಯಾಂಡುಗಳಿಗೆಲ್ಲ ಒಳಗೆ ನೀಲಿ ಬಣ್ಣವೇ ಆಗಿದೆ. ಬಟ್ಟೆಯ ತೋಳು ತೆಗೆಯಿರಿ ಎಂದರೆ ಅಂಗಡಿಯವರು ಒಪ್ಪುವುದಿಲ್ಲ. ಒಗೆದು ಇಸ್ತ್ರಿ ಮಾಡಿ ಮತ್ತೆ ತೊಡಿಸುತ್ತಾರಂತೆ.

ಆ ದಿನ ನಾವಿಬ್ಬರೂ ಮನೆ ತಲುಪಿದಾಗ ಮಗ ಆಗಲೇ ಬಂದು ಅಡುಗೆಮನೆಯಲ್ಲಿ ನಿಂತಿದ್ದ. “ಏನಾಯ್ತು? ಪಾಸಾ? ಇಬ್ಬರೂ ಎಲ್ಲಿ ಹೋಗಿದ್ರಿ? ನನಗೆ ಹಸಿವಾಗ್ತಿದೆ” ಎಂದು ಒಂದೇ ಉಸಿರಿಗೆ ಕೇಳಿದ.

“ಪಾಸು ರೀ. ಖಾಯಂ” ಎಂದಳು.

“ಹಾಗಾದ್ರೆ ಹೊರಗೆ ಊಟಕ್ಕೆ ಹೋಗೋಣವಾ?”

“ಬೇಡ, ಹೋಟೆಲಲ್ಲೂ ಅವಳು ಚಾವಣಿ ನೋಡ್ತಾ ಕೂತ್ಕೋತಾಳೆ. ಮನೇಲೇ ಮಾಡೋಣ” ಎಂದೆ.

ಮಗ ಒಲೆ ಹಚ್ಚಿ ನೀರಿಟ್ಟ. ಅವಳು ಬಾಗಿಲಿಗೆ ಒರಗಿ ಕೂತು ಬುಟ್ಟಿಯಿಂದ ಬೆಳ್ಳುಳ್ಳಿ ತೆಗೆದು ನನ್ನ ಮುಂದೆ ಅರ್ಧ, ತನ್ನ ಮುಂದೆ ಅರ್ಧ ಸುರಿದಳು. ಕೂದಲಲ್ಲಿ ದಾರದ ಎಳೆಗಳು ಸಿಕ್ಕಿಕೊಂಡಿದ್ದವು. “ಸಿಪ್ಪೆ ನೆಲಕ್ಕೆ ಹಾಕ್ಬೇಡಿ ಅತ್ತೆ, ಈ ತಟ್ಟೆಗೆ” ಎಂದಳು. ಆಮೇಲೆ ಇಬ್ಬರೂ ಸುಲಿಯುತ್ತಾ ಕೂತೆವು.